ಬೊಟ್ಟಿನ ಪಟ್ಟಿ

ಹಂಚಿನ ಮೇಲೆ ರೊಟ್ಟಿ ಹಾಕಿ, ಮೇಲೆ ನೀರು ಸವರಿ, ಇನ್ನೇನು ತಿರುವಬೇಕು ಅನ್ನುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಎರಡೂ ಕೈಗೆ ಜೋಳದ ಹಿಟ್ಟು. ಮೊಣಕೈಯಿಂದ ಒತ್ತಿ ನೋಡಿದೆ, ಆಗಲಿಲ್ಲ. ಬಗ್ಗಿ ಮೂಗಿನ ತುದಿಯಿಂದ ಒತ್ತಿದೆ, ಆಯಿತು. ಶಿವ ಮೂಗು ಕೊಟ್ಟಿದ್ದು ಬರೀ ಉಸಿರಾಡಲಿಕ್ಕಲ್ಲ ಅಂತ ಇವತ್ತು ಗೊತ್ತಾಯಿತು. ಫೋನು ಮಾಡಿದವಳು ಮಗಳ ಮಗಳು ಸ್ಫೂರ್ತಿ. ಇದೇ ಬೀದರಿನಲ್ಲಿ ಕಾಲೇಜು ಓದುತ್ತಾಳೆ, ಸಂಜೆ ಸಂಗೀತದ ಕ್ಲಾಸಿಗೆ ಹೋಗುತ್ತಾಳೆ. ಅವಳ ಹಿಂದೆ ಆಟೋಗಳ ಗದ್ದಲ, ಬಸ್ಸಿನ ಹಾರ್ನು. ಅದೆಲ್ಲದರ ಮೇಲೆ ಅವಳ ಕೂಗು.

"ಅಜ್ಜೀ! ಪಾಸ್ ಆಗೀನಿ! ಶಾಸ್ತ್ರದಾಗ ಪಾಸ್ ಆಗೀನಿ!"

"ಖರೇನ?"

"ಖರೇನ ಅಜ್ಜಿ. ಹೋದ ಸಲ ಹಾಡಿನ್ಯಾಗ ಪಾಸು, ಶಾಸ್ತ್ರದಾಗ ಗೋತಾ. ಈ ಸಲ ಎರಡೂ! ಇಲ್ಲೇ ರಸ್ತೆದಾಗ ನಿಂತೀನಿ, ಮಂದಿ ನನ್ನ ಮಾರಿ ನೋಡ್ಲಾಕತ್ಯಾರ."

"ನೋಡ್ಲಿ ಬಿಡು. ಇನ್ನೊಮ್ಮಿ ಒದರು!"

ಅವಳು ಒದರಿದಳು. ನಾನೂ ಒದರಿದೆ. ರೊಟ್ಟಿ ಕರಿ ಆಯಿತು, ಆಗಲಿ, ಅದು ಆಕಳಿಗೆ. ಸಂಗೀತದ ಪರೀಕ್ಷೆ ಅಂದರೆ ಎರಡು ಭಾಗ ಇರುತ್ತದೆ. ಒಂದು ಹಾಡಿ ತೋರಿಸುವುದು, ಇನ್ನೊಂದು ಬರೆಯುವುದು. ಬರೆಯುವುದಕ್ಕೆ ಶಾಸ್ತ್ರ ಅನ್ನುತ್ತಾರೆ: ಸ್ವರ ಎಷ್ಟು, ಯಾವುದರಿಂದ ಯಾವುದು ಎಷ್ಟು ದೂರ, ಕೋಮಲ ಅಂದರೇನು, ತೀವ್ರ ಅಂದರೇನು, ತಾಳಕ್ಕೆ ಎಷ್ಟು ಮಾತ್ರೆ, ಇಂಥವು. ಹೋದ ವರ್ಷ ಅದರಲ್ಲಿ ಬಿದ್ದಾಗ ಹುಡುಗಿ ನನ್ನ ಅಡಿಗೆಮನೆಯಲ್ಲಿ ಕುಳಿತು ಸಂಗೀತವನ್ನೇ ಬಿಟ್ಟುಬಿಡುತ್ತೇನೆ ಅಂದಿದ್ದಳು. "ನಂಗ ಹಾಡ್ಲಾಕ ಬರ್ತದ ಅಜ್ಜಿ. ಕೋಗಿಲಿ ಪರೀಕ್ಷಾ ಬರೀತದೇನು?" ಅಂತ ಕೇಳಿದ್ದಳು. ನಾನು ಎದ್ದೆ. ನಮ್ಮ ಮನೆಯ ಹಳೇ ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ ಮೇಲಿನ ಬಟ್ಟೆ ತೆಗೆದು, ಅದರಲ್ಲಿರುವ ಬೊಟ್ಟುಗಳನ್ನು ತೋರಿಸಿದೆ. ಆಮೇಲೆ ಭಾಲ್ಕಿಯ ಮನೆಯ ಆ ಶ್ರಾವಣದ ಕತೆ ಹೇಳಿದೆ. ಅದನ್ನೇ ಈಗ ಬರೆಯುತ್ತೇನೆ. ಖುಷಿಯಲ್ಲಿ ಅಕ್ಷರ ಸೊಟ್ಟ ಆದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಲಿ.

ನಾನು ಹುಟ್ಟಿ ಬೆಳೆದದ್ದು ಭಾಲ್ಕಿಯಲ್ಲಿ. ಮುಂದೆ ಶಹಾಬಾದಿ ಕಲ್ಲಿನ ಫರಸಿ ಹಾಸಿದ ಪಡಸಾಲೆ, ನಡುವೆ ದೇವರ ಜಗಲಿ, ಹಿಂದೆ ಹೊಗೆ ಹಿಡಿದ ಅಡಿಗೆಮನೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಆ ಫರಸಿಯ ಮೇಲೆ ಬರೀ ಮೈಯಲ್ಲಿ ಮಲಗಿದರೆ ಸ್ವರ್ಗ. ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ಮತ್ತು ನಾನು. ಅಪ್ಪನ ತಂಗಿ ನೀಲತ್ತಿಯನ್ನು ಔರಾದಿಗೆ ಕೊಟ್ಟಿತ್ತು. ಪಡಸಾಲೆಯ ಮೂಲೆಯಲ್ಲಿ ಒಂದು ಗಿಡ್ಡ ಮಣೆ, ಮಣೆಯ ಮೇಲೆ ಪೇಟಿ, ಪೇಟಿಯ ಮೇಲೆ ಆಯಿಯ ಹಳೇ ಸೀರೆಯ ಸೆರಗು ಹರಿದು ಮಾಡಿದ ಹೊದಿಕೆ. ನಮಗೆ ಊಟಕ್ಕೆ ಒಂದೊಂದು ದಿನ ಖಾರಬ್ಯಾಳಿ ಇದ್ದರೆ ಪಲ್ಯ ಇರುತ್ತಿರಲಿಲ್ಲ, ಆದರೆ ಆ ಪೇಟಿಗೆ ಹೊದಿಕೆ ಇಲ್ಲದ ದಿನ ನಾನು ಕಂಡಿಲ್ಲ. ಬಡತನದಲ್ಲೂ ಮರ್ಯಾದೆಯಿಂದ ಇಟ್ಟುಕೊಳ್ಳಲಿಕ್ಕೆ ಏನಾದರೂ ಒಂದು ಇರುವುದು ಎಷ್ಟು ದೊಡ್ಡ ಕೃಪೆ ಅಂತ ಈಗ ಅನಿಸುತ್ತದೆ.

ಆ ಪೇಟಿಯ ಒಂದು ಬಿಳಿ ಪಟ್ಟಿಯ ಮೇಲೆ ಕುಂಕುಮದ ಬೊಟ್ಟಿತ್ತು. ಬೆರಳಿನಿಂದ ಒತ್ತುತ್ತೇವಲ್ಲ, ಆ ಬಿಳಿ ಕರಿ ತುಂಡುಗಳಿಗೆ ನಮ್ಮ ಕಡೆ ಪಟ್ಟಿ ಅನ್ನುತ್ತಾರೆ. ಅಜ್ಜ ಇಟ್ಟ ಬೊಟ್ಟು ಅದು. ನಾನು ಅಜ್ಜನನ್ನು ಕಂಡವಳಲ್ಲ, ಅಜ್ಜನ ಬೊಟ್ಟನ್ನು ಕಂಡವಳು. ಆಯಿ ಹೊಸ ಮದುಮಗಳಾಗಿ ಬಂದಾಗ ಹಾಡು ಅಂದರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳಂತೆ. ಅಜ್ಜ ಒಂದೊಂದೇ ಪಟ್ಟಿ ಒತ್ತಿ, "ಇಲ್ಲಿ ಕೂಡ್ತದೇನು? ಇಲ್ಲಿ?" ಅಂತ ಕೇಳುತ್ತಾ ಹೋಗಿ, ಅವಳ ಧ್ವನಿ ಸುಖವಾಗಿ ಕೂತ ಪಟ್ಟಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟಿದ್ದನಂತೆ. ಈ ಕತೆಯನ್ನು ಆಯಿ ಹೇಳುವಾಗ ಅವಳ ವಯಸ್ಸು ಇಳಿದುಬಿಡುತ್ತಿತ್ತು. ಅಜ್ಜ ಹೋದ ಮೇಲೆ ಪ್ರತಿ ಸೋಮವಾರ ಸಂಜೆ ಭಜನೆಗೆ ಮೊದಲು ಅವಳೇ ಆ ಬೊಟ್ಟನ್ನು ಹೊಸದಾಗಿ ತಿದ್ದುತ್ತಿದ್ದಳು. ತನ್ನ ಹಣೆಗೆ ಬರೀ ವಿಭೂತಿ. ಕುಂಕುಮ ಆ ಪಟ್ಟಿಗೆ.

ಹೀಗಾಗಿ ನಮ್ಮ ಮನೆಯಲ್ಲಿ ಎಲ್ಲ ಹಾಡೂ ಬೊಟ್ಟಿನಿಂದಲೇ ಹೊರಡುತ್ತಿದ್ದವು. ಬೇರೆ ಕಡೆಯಿಂದ ಹೊರಡಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ. ಅಪ್ಪ ಪೇಟಿ ಬಾರಿಸುತ್ತಿದ್ದ. ಅಜ್ಜನ ಬೆರಳು ನೋಡಿ ನೋಡಿ ಕಲಿತದ್ದು. ಅವನ ಬೆರಳಿಗೆ ದಾರಿ ಗೊತ್ತಿತ್ತು, ಆದರೆ ದಾರಿಯಲ್ಲಿ ಬರುವ ಯಾವ ಊರಿನ ಹೆಸರೂ ಗೊತ್ತಿರಲಿಲ್ಲ. ಮೊದಲ ಹಾಡು ಯಾವಾಗಲೂ ಒಂದೇ, ಅಜ್ಜನೇ ಧಾಟಿ ಹಚ್ಚಿದ್ದ, ಶಿವನನ್ನು ಮನೆಗೆ ಕರೆಯುವ ಹಾಡು. ಅದರಲ್ಲಿ ಒಂದು ಕಡೆ "ಬಾರಯ್ಯಾ" ಅಂತ ಧ್ವನಿ ಎತ್ತರಕ್ಕೆ ಏರಿ ಅಲ್ಲೇ ನಿಲ್ಲಬೇಕು. ಆಯಿ ಅಲ್ಲಿ ನಿಂತಾಗ ಜಗಲಿಯ ಮೇಲಿನ ದೀಪ ಸಹಿತ ಕಣ್ಣು ಮಿಟುಕಿಸುವುದಿಲ್ಲ ಅಂತ ನಾನು ನಂಬಿದ್ದೆ. ಆ "ಬಾರಯ್ಯಾ" ಮುಟ್ಟಿದರೆ ಶಿವ ಬಂದಂತೆ. ಇದು ಆಯಿಯ ಮಾತು, ಆದ್ದರಿಂದ ಮನೆಯ ಕಾನೂನು.

ಆ ವರ್ಷ ಶ್ರಾವಣದ ಮೊದಲ ಸೋಮವಾರ ಅದು ಮುಟ್ಟಲಿಲ್ಲ. ಪಡಸಾಲೆ ತುಂಬ ಓಣಿಯ ಹೆಂಗಸರು. ಬಾಗಿಲ ಹತ್ತಿರ ಪಕ್ಕದ ಮನೆಯ ಫಾತಿಮಾ ಖಾಲಾ, ಬಟ್ಟೆ ಹೊಲಿಯುವವಳು, ಪ್ರತಿ ಸೋಮವಾರ ಕೈಕೆಲಸ ಸಮೇತ ಬಂದು ಕುಳಿತು ಕೇಳುವವಳು. ಆಯಿ ಏರಿದಳು, ಏರಿದಳು, "ಬಾ" ಅಂದಳು, ಅಷ್ಟಕ್ಕೆ ಧ್ವನಿ ಒಣ ಕಟ್ಟಿಗೆಯ ಹಾಗೆ ಲಟಕ್ಕಂತ ಮುರಿಯಿತು. ಇನ್ನೊಮ್ಮೆ ಏರಿದಳು. ಇನ್ನೊಮ್ಮೆ ಮುರಿಯಿತು. ಅಪ್ಪ ಗಾಬರಿಯಲ್ಲಿ ಪೇಟಿಗೆ ಗಾಳಿ ತುಂಬುವ ಭಾತೆಯನ್ನು ಜೋರಾಗಿ ಒತ್ತಿ ಬಾರಿಸಿ ಮುಚ್ಚಿಹಾಕಲು ನೋಡಿದ. ಹಾಡು ಮುಗಿದ ಮೇಲೆ ಖಾಲಾ ಒಬ್ಬಳೇ ಬಾಯಿ ಬಿಟ್ಟಳು.

"ಆಯೀ, ಗಲಾ ಬೈಠ್ ಗಯಾ ಕ್ಯಾ? ಜರಾ ಅದ್ರಕ್ ಖಾವ್."

ಗಂಟಲು ಕಟ್ಟಿದರೆ ಅದ್ರಕ್ ಅಂದಳಲ್ಲ ಅಂತ ಆಯಿ ಮರುದಿನ ಹಸಿಶುಂಠಿ ತಿಂದಳು. ಜೇನು ನೆಕ್ಕಿದಳು. ಜೇಷ್ಠಮಧು ಬಾಯಲ್ಲಿಟ್ಟುಕೊಂಡೇ ಜೋಳ ಹಸನು ಮಾಡಿದಳು. ಹಿಂದಿನ ಬಾಗಿಲಲ್ಲಿ ನಿಂತು ಮೆಲ್ಲಗೆ ಏರಿ ನೋಡಿದಳು, ಮತ್ತೆ ಅದೇ ಜಾಗದಲ್ಲಿ ಬಿರುಕು. ರೊಟ್ಟಿ ಊಟಕ್ಕೆ ಕುಳಿತಾಗ ಅಪ್ಪ ತಾಟಿನಲ್ಲೇ ಕಣ್ಣಿಟ್ಟು ಹೇಳಿದ:

"ಯವ್ವ, ಇನ್ನ ಮುಂದ ಮೊದಲ ಹಾಡು ಇಕಿ ಹಾಡ್ಲಿ. ನೀ ಆರಾಮ ಕೂಡು."

"ಆರಾಮಂತ ಆರಾಮ! ಸತ್ತ ಮ್ಯಾಲ ಅದೇ ಅದ."

ಅವ್ವ ಒಲೆಯ ಮುಂದಿನಿಂದಲೇ ತಿರುಗಿದಳು. "ನಾ ಒಲ್ಲೆನ್ರಿ. ಅತ್ತ್ಯಾರ ಹಾಡು ನಾ ಹ್ಯಾಂಗ ಹಾಡ್ಲಿ?"

"ಹಾಡವ್ವ, ಹಾಡು," ಅಂದಳು ಆಯಿ. "ನನ್ನ ಒಲಿ ಹಿಡದಿ, ನನ್ನ ಮಗನ್ನ ಹಿಡದಿ. ಹಾಡೊಂದು ಉಳದಿತ್ತು."

ಅವ್ವ ಒಲೆಯ ಕಡೆ ತಿರುಗಿದಳು. ಆಮೇಲೆ ಅವಳು ಬಡಿದ ರೊಟ್ಟಿಗಳ ಸಪ್ಪಳ ಓಣಿಯ ತುದಿಗೆ ಕೇಳಿರಬೇಕು. ಆಯಿ ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದಳು. ಅನ್ನದ ಅಗುಳೂ ಬಿಡದವಳು. ನನಗೆ ಅಳು ಬಂತು. ಅವಳಿಂದ ಹಾಡು ಹೋದರೆ ಸೋಮವಾರ ಹೋಯಿತು, ಸೋಮವಾರ ಹೋದರೆ ಆಯಿ ಹೋದಳು ಅಂತಲೇ ನನ್ನ ಲೆಕ್ಕ. ಇನ್ನೂ ಸಣ್ಣವಳು ನಾನು, ಅಷ್ಟೇ ತಿಳಿಯುತ್ತಿತ್ತು.

ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳ ಜೊತೆ ನೀಲತ್ತಿ ಔರಾದಿನ ಬಸ್ಸಿನಿಂದ ಇಳಿದಳು. ಡಬ್ಬಿ ತುಂಬ ಶೇಂಗಾದುಂಡಿ, ಬಾಯಿ ತುಂಬ ಮಾತು. ಅವಳು ಔರಾದಿನ ಒಂದು ಸಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು. ಸ್ವತಃ ಗುರುಗಳ ಹತ್ತಿರ ಕಲಿತು, ಶಾಸ್ತ್ರವನ್ನೂ ಓದಿ ಪರೀಕ್ಷೆ ಕಟ್ಟಿದ್ದಳು. ಅಪ್ಪನಿಗೆ ಇದು ಯಾವಾಗಲೂ ತಮಾಷೆಯ ವಿಷಯ. "ಶಾಸ್ತ್ರ ಓದಿದವರು ಹಾಡೂದಿಲ್ಲ, ಹಾಡೂರು ಓದೂದಿಲ್ಲ" ಅಂತ ಅವಳು ಬಂದಾಗಲೆಲ್ಲ ಒಂದು ಸಲ ಅನ್ನದೆ ಬಿಡುತ್ತಿರಲಿಲ್ಲ. ಆ ಸಲ ಅನ್ನಲಿಲ್ಲ. ಅವಳು ಬಂದ ಮೇಲಿನ ಸೋಮವಾರ ಆಯಿ ಪಡಸಾಲೆಗೆ ಬರಲಿಲ್ಲ, ಅವ್ವ ಪೇಟಿಯ ಹತ್ತಿರ ಹೋಗಲಿಲ್ಲ. ಬೊಟ್ಟು ತಿದ್ದುವವರಿಲ್ಲ. ನಮ್ಮ ಮನೆಯಲ್ಲಿ ಹಾಡಿಲ್ಲದೆ ಮಂಗಳಾರತಿ ಆಯಿತು. ಬರೀ ಗಂಟೆ. ಬಂದ ಹೆಂಗಸರು ಪ್ರಸಾದ ಸೆರಗಿನಲ್ಲಿ ಕಟ್ಟಿಕೊಂಡು, ಸಾವಿನ ಮನೆಯಿಂದ ಎದ್ದು ಹೋಗುವವರ ಹಾಗೆ ಹೋದರು.

ನೀಲತ್ತಿ ಎಲ್ಲ ಕೇಳಿಸಿಕೊಂಡಳು. ಆಮೇಲೆ ನಕ್ಕೇಬಿಟ್ಟಳು.

"ಇಷ್ಟೇನ? ಅಣ್ಣಾ, ಪಟ್ಟಿ ಇಳಸು. ಬಿಳಿ ಆರರಿಂದ ಬಾರಸ್ತಿ, ಬಿಳಿ ನಾಕಕ್ಕ ಬಾ. ಹಾಡು ಅದೇ ಇರ್ತದ, ಎತ್ತರ ಅಷ್ಟೇ ಇಳೀತದ."

"ಆರು ಯಾವುದು, ನಾಕು ಯಾವುದು? ನಮಗ ಬೊಟ್ಟು ಗೊತ್ತು."

"ಅದೇ ಆರು. ಎಡಕ್ಕ ಎರಡು ಬಿಳಿ ಸರಿ."

ಅಪ್ಪ ಬೆರಳು ಬೊಟ್ಟಿನಿಂದ ಎಡಕ್ಕೆ ಸರಿಸಿ, ರೂಢಿಯ ಹಾಗೇ ಬಾರಿಸಿದ. ಬಿಳಿ, ಬಿಳಿ, ಆಮೇಲೆ ಕರಿ. ಆಹಾ! ಮೂರನೇ ಹೆಜ್ಜೆಗೇ ಹಾಡು ಮುಗ್ಗರಿಸಿ ಬಿತ್ತು. ಬೆಲ್ಲದ ಹೋಳಿಗೆಯಲ್ಲಿ ಉಪ್ಪಿನ ಹರಳು ಸಿಕ್ಕ ಹಾಗೆ ನಮ್ಮ ಮುಖಗಳಾದವು. ಇನ್ನೊಮ್ಮೆ ಬಾರಿಸಿದ. ಇನ್ನೊಮ್ಮೆ ಅಲ್ಲೇ ಬಿತ್ತು. ಒಳಗಿನಿಂದ ಆಯಿಯ ಮಾತು ಬಂತು.

"ನೋಡಿದಿಲ್ಲ? ಬೊಟ್ಟು ಬಿಟ್ರ ಹಾಡು ಬರೂದಿಲ್ಲ. ಅವರು ಇಟ್ಟಿದ್ದು ಸುಮ್ಮನ ಅಲ್ಲ."

ಅಪ್ಪ ಎರಡೂ ಕೈ ಜೋಡಿಸಿ ಪೇಟಿಗೆ ನಮಸ್ಕಾರ ಮಾಡಿದ. ನಾನೂ ಮಾಡಿದೆ. ಅಜ್ಜನ ಆತ್ಮವೇ ಬಂದು ತಡೆಯಿತು ಅನ್ನುವುದರಲ್ಲಿ ನಮಗೆ ಸಂಶಯ ಉಳಿಯಲಿಲ್ಲ. ನೀಲತ್ತಿ ಮಾತ್ರ ಇನ್ನೂ ನಗುತ್ತಿದ್ದಳು.

"ಅಣ್ಣಾ, ಹಾಡು ಎಡವಿಲ್ಲ. ನಿನ್ನ ಬೆರಳು ಎಡವ್ಯಾವ."

ಮರುದಿನ ಮುಂಜಾನೆ ಅಂಗಳ ಸಾರಿಸಿ ಆದ ಮೇಲೆ ರಂಗೋಲಿ ಹಾಕುವ ಸರದಿ ನನ್ನದು. ನೀಲತ್ತಿ ಹೊಸ್ತಿಲ ಮೇಲೆ ಕುಳಿತು ತಲೆ ಬಾಚಿಕೊಳ್ಳುತ್ತಿದ್ದಳು. ಆಯಿ ಅಲ್ಲೇ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ನಾನು ಚುಕ್ಕಿ ಇಟ್ಟು ಕೂಡಿಸುತ್ತಾ ಹೋದೆ, ಹೂವು ಒಂದು ಕಡೆ ದಪ್ಪ ಆಗಿ ಸೊಟ್ಟ ಕುಳಿತಿತು. ಆಯಿ ದೂರದಿಂದಲೇ ಗದರಿದಳು:

"ಏ ಪೋರಿ, ಆ ಚುಕ್ಕಿ ಸನೇಕ ಬಿದ್ದದ ನೋಡು. ಚುಕ್ಕಿ ಚುಕ್ಕಿ ನಡುವಿನ ಅಂತರ ತಪ್ಪಿದ್ರ ಹೂವ ಹ್ಯಾಂಗ ಅರಳ್ತದ?"

ನೀಲತ್ತಿ ಬಾಚಣಿಗೆ ಕೆಳಗಿಟ್ಟಳು. ಆ ಕ್ಷಣದ ಅವಳ ಮುಖ ನನಗೆ ಇವತ್ತಿಗೂ ಕಾಣುತ್ತದೆ. ಕಳೆದ ಕಿವಿಯೋಲೆ ಸಿಕ್ಕವಳ ಮುಖ.

"ಯವ್ವ, ಇದೇ ರಂಗೋಲಿ ಜಗಲಿ ಮುಂದ ಹಾಕಿದ್ರ ಬ್ಯಾರೆ ಹೂವ ಆಗ್ತದೇನು?"

"ಯಾಕಾಗ್ತದ? ಅಂತರ ಸರಿ ಇದ್ರ ಎಲ್ಲಿ ಹಾಕಿದ್ರೂ ಅದೇ ಹೂವ."

ನೀಲತ್ತಿ ನನ್ನ ರಟ್ಟೆ ಹಿಡಿದು ಪೇಟಿಯ ಮುಂದೆ ಕೂರಿಸಿದಳು. ನನ್ನ ಬೆರಳನ್ನು ಬೊಟ್ಟಿನ ಮೇಲಿಟ್ಟು ಬಿಳಿ ಕರಿ ಒಂದನ್ನೂ ಬಿಡದೆ ಸಾಲಾಗಿ ಮುಟ್ಟಿಸಿದಳು. ಇದು ಸ. ನಡುವೆ ಒಂದು ಪಟ್ಟಿ ಬಿಡು, ಅದು ರಿ. ಮತ್ತೊಂದು ಬಿಡು, ಗ. ಈಗ ಬಿಡಬೇಡ, ಅಂಟಿಕೊಂಡಿರುವುದೇ ಮ. ಈ ಅಂತರವೇ ಹಾಡಿನ ಚುಕ್ಕಿಗಳು, ಅಂದಳು. ಬೊಟ್ಟಿನಿಂದ ಹೊರಟರೆ ಮೂರನೇ ಚುಕ್ಕಿ ಕರಿ ಪಟ್ಟಿಯ ಮೇಲೆ ಬೀಳುತ್ತಿತ್ತು. ನಾಲ್ಕನೇ ಬಿಳಿಯಿಂದ ಹೊರಟರೆ ಅದೇ ಮೂರನೇ ಚುಕ್ಕಿ ಬಿಳಿಯ ಮೇಲೆ ಬೀಳುತ್ತದೆ, ನಾಲ್ಕನೆಯದು ಕರಿಯ ಮೇಲೆ. ಅಪ್ಪ ಬಣ್ಣ ನೆನಪಿಟ್ಟಿದ್ದ, ಅಂತರ ನೆನಪಿಟ್ಟಿರಲಿಲ್ಲ. ನಾನು ಎಣಿಸಿದೆ, ಬಿಟ್ಟೆ, ಒತ್ತಿದೆ. ಬಿಳಿ, ಬಿಳಿ, ಬಿಳಿ, ಕರಿ. ಅಯ್ಯೋ ಶಿವನೇ! ಅದೇ ಹಾಡು! ನಮ್ಮದೇ ಹಾಡು, ಬೇರೆ ಜಾಗದಲ್ಲಿ, ಸ್ವಲ್ಪ ತಗ್ಗಿನಲ್ಲಿ, ಒಂದು ಹೂವೂ ಸೊಟ್ಟಾಗದೆ! ನಾನು ಎದ್ದು ಕುಣಿದೆ. ಪಡಸಾಲೆ, ಅಂಗಳ, ಹಿತ್ತಲು ಎಲ್ಲ ಕುಣಿದು ಬಂದೆ. ಆ ಹೊತ್ತಿನ ತನಕ ಹಾಡು ಅನ್ನುವುದು ಮೇಲಿನಿಂದ ಬೀಳುವ ಪ್ರಸಾದ, ಬಿದ್ದರೆ ಉಂಟು ಇಲ್ಲದಿದ್ದರೆ ಇಲ್ಲ ಅಂತಿದ್ದೆ. ಅದರ ಒಳಗೆ ಹೀಗೆ ಅಡಿಗೆಮನೆಯ ಡಬ್ಬಿಗಳ ಹಾಗೆ ಒಂದು ಜೋಡಣೆ ಇದೆ, ಕತ್ತಲಲ್ಲಿ ಕೈ ಹಾಕಿದರೂ ಸಾಸಿವೆ ಎಲ್ಲಿ ಜೀರಿಗೆ ಎಲ್ಲಿ ಅಂತ ಸಿಗುತ್ತದೆ ಅಂತ ಗೊತ್ತಾದಾಗ, ಪ್ರಸಾದ ಕಡಿಮೆಯಾದಂತೆ ಅನಿಸಲಿಲ್ಲ. ಕೊಟ್ಟವನು ಎಷ್ಟು ಅಚ್ಚುಕಟ್ಟು ಅಂತ ಅನಿಸಿತು.

ಅಪ್ಪ ಹೊಲದ ಕೆಲಸ ಮುಗಿಸಿ ಬಂದಾಗ ನೀಲತ್ತಿ ಅವನನ್ನೂ ಕೂರಿಸಿದಳು. ನಾಲಿಗೆಯ ತುದಿ ಹೊರಗೆ ಹಾಕಿಕೊಂಡು ಅವನು ಪಟ್ಟಿ ಎಣಿಸುವುದನ್ನು ನೋಡಿ ಅವ್ವ ಬಾಯಿಗೆ ಸೆರಗು ಹಿಡಿದಳು. "ನಿನ್ನಷ್ಟು ಜಲ್ದಿ ರೊಟ್ಟಿ ಬಡೀಲಾಕೂ ನನಗ ಬರೂದಿಲ್ಲ, ನಗು" ಅಂದ ಅಪ್ಪ. ಆದರೆ ಅವನ ಬೆರಳು ಕಲಿತವು. ಆಯಿ ಒಬ್ಬಳು ಉಳಿದಳು. ಅವಳಿಗೆ ಕೇಳಿಸಲಿಲ್ಲ ಅಂತಲ್ಲ. ಒಂದೇ ಮನೆ, ಒಂದೇ ಗೋಡೆ. ಕೇಳಿಯೂ ಬತ್ತಿ ಹೊಸೆಯುತ್ತಲೇ ಇದ್ದಳು.

ಮಧ್ಯಾಹ್ನ ಆಯಿ ಅಡಿಗೆಮನೆಯಲ್ಲಿ ಒಬ್ಬಳೇ ಶೇಂಗಾ ಸುಲಿಯುತ್ತಿದ್ದಳು. ಸುಲಿಯುವಾಗ ಗುನುಗುವುದು ಅವಳ ರೂಢಿ, ತನಗೇ ಗೊತ್ತಾಗದ ರೂಢಿ. ನೀಲತ್ತಿ ನನ್ನ ಕಿವಿಯಲ್ಲಿ "ಭಾತೆ ಹಾಕು, ಮೆತ್ತಗ" ಅಂದಳು. ತಾನು ನಾಲ್ಕನೇ ಬಿಳಿಯ ಸ ಮತ್ತು ಅದರ ಪ ಎರಡನ್ನೂ ಒತ್ತಿ ಹಿಡಿದಳು. ಹಾಡಿಲ್ಲ, ಧಾಟಿಯಿಲ್ಲ, ಬರೀ ಹಿಡಿದ ಸ್ವರ. ಅದು ಪಡಸಾಲೆ ದಾಟಿ, ಜಗಲಿ ದಾಟಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಒಳಗಿನ ಗುನುಗು ಬಂದು ಈ ಸ್ವರದ ಮೇಲೆ ಕುಳಿತಿತು, ಗುಬ್ಬಿ ಬಂದು ತಂತಿಯ ಮೇಲೆ ಕೂಡುವ ಹಾಗೆ. ಗುನುಗು ಮಾತಾಯಿತು, ಮಾತು ಹಾಡಾಯಿತು. ಶೇಂಗಾ ಸುಲಿಯುವ ಸಪ್ಪಳ ನಿಂತಿತು. ಅವಳು ಏರಿದಳು. ನಾನು ಭಾತೆ ಬಿಟ್ಟೆನೋ ಕೆಟ್ಟೆನೋ ಅಂತ ಹಲ್ಲು ಕಚ್ಚಿಕೊಂಡು ಒತ್ತಿದೆ. "ಬಾರಯ್ಯಾ..." ನಿಂತಿತು! ಮುರಿಯದೆ, ಅಲುಗದೆ, ತುಪ್ಪದ ಎಳೆಯ ಹಾಗೆ ನಿಂತಿತು!

ಒಳಗೆ ಮೊರ ಕೆಳಗಿಟ್ಟ ಸಪ್ಪಳ. ಆಯಿ ಸೆರಗಿನಲ್ಲಿ ಸಿಪ್ಪೆ ಸಮೇತ ಪಡಸಾಲೆಗೆ ಬಂದಳು. ನೇರ ನೀಲತ್ತಿಯ ಬೆರಳು ನೋಡಿದಳು.

"ಯಾವ ಪಟ್ಟಿ ಅದು?"

"ಬಿಳಿ ನಾಕು."

"ಬೊಟ್ಟು?"

"ಅಲ್ಲೇ ಅದ ಯವ್ವ. ಯಾರೂ ಅಳಸಿಲ್ಲ."

"ಅವರು ಇಟ್ಟ ಜಾಗ ಬಿಟ್ಟು ನಾ ಹಾಡೂದಿಲ್ಲ. ತಿಳೀತೇನು? ಮೋಸ ಮಾಡಿ ಹಾಡಸ್ತೀಯೇನು ನನ್ನ ಕಡಿ?"

ನೀಲತ್ತಿ ಪಟ್ಟಿಯಿಂದ ಕೈ ತೆಗೆದಳು. ನಗು ಹೋಗಿತ್ತು. ಅವಳೂ ಆ ಅಜ್ಜನ ಮಗಳೇ ಅಲ್ಲವೇ.

"ಯವ್ವ, ಅಪ್ಪ ಬೊಟ್ಟು ಇಟ್ಟಿದ್ದು ಪಟ್ಟಿಗೋ, ನಿನ್ನ ಧ್ವನಿಗೋ? ಒಂದೊಂದೇ ಒತ್ತಿ, ಇಲ್ಲಿ ಕೂಡ್ತದೇನು ಅಂತ ಕೇಳಿದ ಅಂತ ನೀನೇ ಹೇಳ್ತಿ. ಈಗ ಇದ್ದಿದ್ರ ಮತ್ತ ಕೇಳ್ತಿದ್ದ. ಮತ್ತ ಹುಡುಕ್ತಿದ್ದ."

ಆಯಿ ಸೆರಗಿನ ಸಿಪ್ಪೆ ಕೊಡವಿಕೊಂಡು ಒಳಗೆ ಹೋದಳು. ಆ ವಾರವೆಲ್ಲ ಆ ಮಾತು ಎತ್ತಲಿಲ್ಲ. ಹಾಡುತ್ತಾಳೋ ಇಲ್ಲವೋ ಅಂತ ಕೇಳುವ ಧೈರ್ಯ ಅಪ್ಪನಿಗೂ ಇರಲಿಲ್ಲ. ನಾನು ಮಾತ್ರ ದಿನಾ ಜಗಲಿಯ ಮುಂದೆ, "ಶಿವಪ್ಪಾ, ಆಯಿಗೆ ಬಿಳಿ ನಾಲ್ಕು ಒಪ್ಪಿಸು" ಅಂತ ಬೇಡಿಕೊಂಡೆ. ಇಂಥ ಬೇಡಿಕೆ ಅವನಿಗೂ ಹೊಸದಿರಬೇಕು.

ಮುಂದಿನ ಸೋಮವಾರವೂ ಹಾಡಿಲ್ಲದೆ ಬರೀ ಗಂಟೆಯಲ್ಲೇ ಕಳೆಯಿತು. ಶ್ರಾವಣದ ಕೊನೆಯ ಸೋಮವಾರ ಬಂತು. ಅದು ದೊಡ್ಡ ಭಜನೆ, ಹುಗ್ಗಿಯ ಪ್ರಸಾದ. ಪಡಸಾಲೆ ತುಂಬಿ ಅಂಗಳಕ್ಕೆ ಜನ. ನಮ್ಮ ಓಣಿಯ ತಬಲಾದವರಿಗೆ ಜ್ವರ, ಅವರ ಬದಲಿಗೆ ಅಷ್ಟೂರು ಗ್ರಾಮದಿಂದ ಬಂದ ಅವರ ನೆಂಟರೊಬ್ಬರು ಕುಳಿತಿದ್ದರು. ನಮ್ಮ ಹಾಡನ್ನು ಒಮ್ಮೆಯೂ ಕೇಳಿದವರಲ್ಲ. ತಬಲಾ ಪೇಟಿಯ ಸ್ವರಕ್ಕೆ ಕೂಡಬೇಕಲ್ಲ, ಸುತ್ತಿಗೆ ಹಿಡಿದು ಅಪ್ಪನನ್ನು ಕೇಳಿದರು:

"ಪಟ್ಟಿ ಯಾವುದ್ರಿ?"

ಅಪ್ಪ ರೂಢಿಯ ಮೇಲೆ ಅಂದುಬಿಟ್ಟ: "ಬೊಟ್ಟಿಂದ್ರಿ."

"ಆಂ? ಬೊಟ್ಟಿಂದಂದ್ರ?"

ಹಿಂದೆ ಯಾರೋ ಕಿಸಕ್ಕಂದರು. ಅಪ್ಪ ಬೆವರಿದ. ಬೊಟ್ಟಿನದು ಅನ್ನಬೇಕೋ, ಬೇರೆ ಅನ್ನಬೇಕೋ, ಹಾಡುವವಳೇ ಇನ್ನೂ ಬಂದಿಲ್ಲ. ಆಗ ಒಳಗಿನಿಂದ ಆಯಿ ಬಂದಳು. ಮಡಿ ಸೀರೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಕುಂಕುಮದ ಬಟ್ಟಲು. ಪೇಟಿಯ ಮುಂದೆ ಕುಳಿತು ಅಜ್ಜನ ಬೊಟ್ಟನ್ನು ಎಂದಿನ ಹಾಗೆ ತಿದ್ದಿದಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಬೆರಳನ್ನು ಅಲ್ಲೇ ಇಟ್ಟಳು. ಆಮೇಲೆ ಆ ಬೆರಳನ್ನು ಬಟ್ಟಲಲ್ಲಿ ಇನ್ನೊಮ್ಮೆ ಅದ್ದಿ, ಎಡಕ್ಕೆ ಎರಡು ಬಿಳಿ ಸರಿಸಿ, ಎರಡನೇ ಬೊಟ್ಟು ಇಟ್ಟಳು.

"ಅದು ಅವರದು, ಅಲ್ಲೇ ಇರ್ಲಿ," ಅಂದಳು. "ಇದು ನಂದು."

ಆಯಿ ತಬಲಾದವರ ಕಡೆ ತಿರುಗಿ, ಹುಟ್ಟಿನಿಂದ ಅದೇ ಮಾತಾಡಿಕೊಂಡು ಬಂದವಳ ಹಾಗೆ ಅಂದಳು:

"ಬಿಳಿ ನಾಕು, ತಮ್ಮಾ. ಕೇರವಾ ತಾಳ."

"ಹಾಂ! ಹಿಂಗ ಹೇಳ್ರಿ ಆಯಿ," ಅಂದರು ಅವರು. ಟಕ್ ಟಕ್ ಅಂತ ಸುತ್ತಿಗೆ ಆಡಿತು. ಎರಡೇ ಮಾತು! ಊರು ಬೇರೆ, ಹಾಡು ಗೊತ್ತಿಲ್ಲ, ಮುಖ ಪರಿಚಯವಿಲ್ಲ, ಎರಡು ಮಾತಿಗೆ ಆ ಮನುಷ್ಯ ನಮ್ಮ ಮನೆಯವನಾದ. ಮೊದಲೆಲ್ಲ ನಮ್ಮ ಭಜನೆ ಓಡಿ ಓಡಿ ಕೊನೆಗೆ ತಾಳ ಒಂದು ಕಡೆ, ಹಾಡು ಒಂದು ಕಡೆ ಬಿದ್ದು ಎಲ್ಲರೂ ಚಪ್ಪಾಳೆಯಲ್ಲಿ ಮುಚ್ಚಿಕೊಳ್ಳುತ್ತಿ‌ದ್ದೆವು. ಆವತ್ತು ನೀಲತ್ತಿ ನನ್ನ ಪಕ್ಕ ಕುಳಿತು ತೊಡೆಯ ಮೇಲೆ ಮಾತ್ರೆ ಎಣಿಸಿ ತೋರಿಸಿದಳು. ತಾಳ ಒಂದು ಸುತ್ತು ಹಾಕಿ ಮೊದಲ ಮಾತ್ರೆಗೆ ಮನೆಗೆ ಬಂದ ಹಾಗೆ ಬರುತ್ತದೆ, ಅದಕ್ಕೆ ಸಮ ಅನ್ನುತ್ತಾರೆ. ಯಾರು ಎಲ್ಲಿಗೇ ಹೋಗಲಿ, ಸಮಕ್ಕೆ ಎಲ್ಲರೂ ಬಾಗಿಲಲ್ಲಿ ಕೂಡಬೇಕು. ಆಯಿ ಎತ್ತಿಕೊಂಡಳು. ಅಪ್ಪನ ಬೆರಳು ಬಿಳಿ, ಬಿಳಿ, ಬಿಳಿ, ಕರಿ ಅಂತ ತಪ್ಪದೆ ನಡೆದವು. ಆಯಿ ಏರಿದಳು. ನಾನು ಉಸಿರು ಬಿಗಿಹಿಡಿದೆ, ಅವ್ವ ನನ್ನ ಕೈ ಬಿಗಿಹಿಡಿದಳು. "ಬಾರಯ್ಯಾ" ಅಂತ ಧ್ವನಿ ತುದಿ ಮುಟ್ಟಿ ನಿಂತಿತು, ತಬಲಾ ಸರಿಯಾಗಿ ಸಮಕ್ಕೆ ಬಂದು ಧಾ ಅಂತ ಬಿತ್ತು, ನನ್ನ ಮೈಯ ಕೂದಲು ಒಂದೊಂದೂ ಎದ್ದು ನಿಂತವು. ಶಿವ ಬಂದ. ನಾನು ಈ ಮಾತಿಗೆ ಯಾರ ಹತ್ತಿರವೂ ವಾದ ಮಾಡುವುದಿಲ್ಲ. ಬಂದ.

ಹಾಡು ಮುಗಿಯುತ್ತಲೇ ಬಾಗಿಲಿನಿಂದ ಫಾತಿಮಾ ಖಾಲಾ ಕೂಗಿದಳು:

"ದೇಖೋ! ಮೈ ಬೋಲೀ ಥೀ ನಾ? ಅದ್ರಕ್!"

ಪಡಸಾಲೆ ಎಲ್ಲ ನಕ್ಕಿತು. ಆಯಿಯೂ ನಕ್ಕಳು. ನಗುತ್ತಲೇ ಸೊಸೆಯ ಕಡೆ ನೋಡಿದಳು.

"ಎರಡನೇ ಹಾಡು ನೀ ಹಾಡವ್ವ. ನನ್ನ ಪಟ್ಟಿ ನಿನಗ ತಗ್ಗಾಗ್ತದ. ನಿಂದು ಎಲ್ಲಿ ಕೂಡ್ತದ, ನೀಲಾ, ಹುಡುಕು."

ನೀಲತ್ತಿ ಒಂದೊಂದೇ ಪಟ್ಟಿ ಒತ್ತಿದಳು. ಅವ್ವನ ಧ್ವನಿ ಕರಿ ಐದಕ್ಕೆ ಹೋಗಿ ಕುಳಿತಿತು. ಕರಿಯ ಮೇಲೆ ಕುಂಕುಮ ಕಾಣುವುದಿಲ್ಲ ಅಂತ ಆಯಿ ಅರಿಶಿಣದಿಂದ ಬೊಟ್ಟು ಇಟ್ಟಳು, ತನ್ನ ಕೈಯಿಂದಲೇ. ಆವತ್ತು ಹುಗ್ಗಿಗೆ ಅವ್ವ ಹಾಕಿದ ತುಪ್ಪ ನೋಡಿದರೆ ಅವರಿಬ್ಬರ ಜಗಳ ಎಷ್ಟು ದೂರ ಹೋಯಿತು ಅಂತ ತಿಳಿಯುತ್ತಿತ್ತು.

ಅಲ್ಲಿಂದ ಮುಂದೆ ನೀಲತ್ತಿ ತವರಿಗೆ ಬಂದಾಗಲೆಲ್ಲ ನನಗೆ ಕಲಿಸಿದಳು. ನಾನು ದೊಡ್ಡ ಗಾಯಕಿ ಆಗಲಿಲ್ಲ. ಮದುವೆಯಾಗಿ ಬೀದರಿಗೆ ಬಂದು, ಮುಂದೆ ತವರಿನಿಂದ ನನ್ನ ಪಾಲಿಗೆ ಬಂದ ಇದೇ ಪೇಟಿಯನ್ನು ಓಣಿಯ ಹೆಂಗಸರ ಭಜನಾ ಮಂಡಳಿಯಲ್ಲಿ ಬಾರಿಸಿಕೊಂಡಿದ್ದೇನೆ, ಅಷ್ಟೇ. ಆದರೆ ಹೊಸಬಳು ಬಂದು ಅಳುಕಿ ಹಿಂದೆ ಕುಳಿತರೆ, ನಾನು ಒಂದೊಂದೇ ಪಟ್ಟಿ ಒತ್ತಿ ಕೇಳುತ್ತೇನೆ, ಇಲ್ಲಿ ಕೂಡ್ತದೇನವ್ವ, ಇಲ್ಲಿ? ಧ್ವನಿ ಇಲ್ಲ ಅಂತ ಅತ್ತವರು ಎಷ್ಟೋ ಜನ ಹಾಡಿದ್ದಾರೆ. ಶಾಸ್ತ್ರ ಹಾಡು ಹುಟ್ಟಿಸುವುದಿಲ್ಲ, ಅಪ್ಪನ ತಮಾಷೆಯಲ್ಲಿ ಅಷ್ಟು ಖರೆ. ಆದರೆ ಶಾಸ್ತ್ರ ಗೊತ್ತಿದ್ದರೆ, ಹಾಡು ಎಡವಿದಾಗ ದೇವರು ಮುನಿದ, ವಯಸ್ಸಾಯಿತು, ನಸೀಬು ಅಂತ ಕುಳಿತುಕೊಳ್ಳದೆ, ಎಲ್ಲಿ ಎಡವಿತು ಅಂತ ಬೆರಳಿಟ್ಟು ತೋರಿಸಲಿಕ್ಕೆ ಬರುತ್ತದೆ. ಕತೆ ಕೇಳಿ ಮುಗಿಸಿದ ಸ್ಫೂರ್ತಿ ಹೋದ ವರ್ಷ ಕೋಗಿಲೆಯ ಮಾತು ಮತ್ತೆ ಎತ್ತಲಿಲ್ಲ. "ಅಂದ್ರ ಶಾಸ್ತ್ರ ಓದಿದ್ರ ಆಯಿ ಹಾಡು ಬಿಡೂದು ತಪ್ತದ" ಅಂದಳು. ಹಾಂ, ಅಷ್ಟು ತಿಳಿದರೆ ಸಾಕು ಅಂದೆ.

ಇವತ್ತು ಫೋನಿನಲ್ಲಿ ಒದರಿ ಒದರಿ ಸಾಕಾದ ಮೇಲೆ ಅವಳು ಕೇಳಿದಳು:

"ಅಜ್ಜಿ, ನನ್ನ ಬೊಟ್ಟು ಎಲ್ಲಿ ಇಡ್ತಿ?"

"ನಾ ಇಡೂದಿಲ್ಲ. ಬಂದು ನೀನೇ ಹುಡುಕು, ನೀನೇ ಇಡು. ಓದೀದಿ ಅಲ್ಲೇನು ಈಗ?"

"ಈಗ ಬಂದೆ. ರೊಟ್ಟಿ ಇಟ್ಟಿರು."

ಫೋನು ಇಟ್ಟು, ಕೈ ತೊಳೆದು, ಪೇಟಿಯ ಹೊದಿಕೆ ತೆಗೆದೆ. ಅಜ್ಜನದು, ಆಯಿಯದು, ಅವ್ವನ ಅರಿಶಿಣದ್ದು, ಐದನೇ ಬಿಳಿಯ ಮೇಲೆ ನನ್ನದು. ಹುಡುಗಿ ಬರುವ ತನಕ ಸುಮ್ಮನೆ ಕೂರಲಾಗದೆ ನನ್ನ ಬೊಟ್ಟಿನಿಂದ ಆ ಹಾಡು ಎತ್ತಿಕೊಂಡೆ. "ಬಾರಯ್ಯಾ" ಅನ್ನುವಲ್ಲಿ ಧ್ವನಿ ಲಟಕ್ಕಂತ ಮುರಿಯಿತು. ಕೆಲವು ತಿಂಗಳಿಂದ ಹೀಗೆ ಆಗುತ್ತಿದೆ, ಮಂಡಳಿಯಲ್ಲಿ ನೆಗಡಿ ಅಂತ ಹೇಳಿಕೊಂಡು ಬಂದಿದ್ದೇನೆ. ಈಗ ನನಗೇ ನಗು ಬಂತು. ಜೋರಾಗಿ ನಕ್ಕೆ, ಒಬ್ಬಳೇ, ಪಡಸಾಲೆಯಲ್ಲಿ. ಎಣ್ಣೆಯಲ್ಲಿ ಕುಂಕುಮ ಕಲಸುವಾಗ ಇಬ್ಬರಿಗೂ ಆಗಲಿ ಅಂತ ಒಂದು ಚಿಟಿಕೆ ಜಾಸ್ತಿ ಹಾಕಿದೆ. ಬಟ್ಟಲನ್ನು ಪೇಟಿಯ ಪಕ್ಕ ಇಟ್ಟು, ಒಲೆ ಸಣ್ಣ ಮಾಡಿ, ಪುಂಡಿ ಸೊಪ್ಪಿನ ಎಲೆ ಬಿಡಿಸಲು ಕುಳಿತೆ. ಬಿಡಿಸುತ್ತಾ ಗುನುಗಿದೆ, ಒಂದು ಪಟ್ಟಿ ತಗ್ಗಿಸಿ.